ಬಾಳಬೋಧದ ಕನ್ನಡ

ಸೀಮೆಸುಣ್ಣ ಹಿಡಿದರೆ ಕನ್ನಡ ಕಲಿಸುವ ಅಕ್ಕೋರ ಬೆರಳು ನಡುಗುತ್ತಿದ್ದವು. ವರಾಂಡದಲ್ಲಿ ಹೆಡ್‌ಮಾಸ್ತರರು ಕೆಮ್ಮಿದರೆ ಸಾಕು, ಹಲಗೆಯ ಮೇಲಿನ ಸಾಲು ಅಲ್ಲಿಂದಲೇ ಕೆಳಗಿಳಿಯುತ್ತಿತ್ತು. ತಪಾಸಣೆಗೆ ಬರುವ ಸಾಹೇಬರಿಗೆ ಹೆದರುತ್ತಿದ್ದರು, ನಾಯಿಗೆ ಹೆದರುತ್ತಿದ್ದರು, ಗುಡುಗಿದರಂತೂ ಪಾಠವನ್ನೇ ನಿಲ್ಲಿಸಿಬಿಡುತ್ತಿದ್ದರು. ಹುಡುಗರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಚಿಕ್ಕೇರೂರಿನ ಆ ಶಾಲೆಯಲ್ಲಿ ನನ್ನಷ್ಟು ಹೆದರಿದವರು ಅವರೊಬ್ಬರೇ.

ಎಂಬತ್ತರ ದಶಕದ ಆರಂಭ. ಅಪ್ಪ ಮಸ್ಕತ್ತಿನಲ್ಲಿ ವೈರಿಂಗ್ ಕೆಲಸಕ್ಕಿದ್ದರು. ಅಲ್ಲಿ ನಾನು ಓದಿದ್ದು ಹತ್ತಾರು ದೇಶದ ಮಕ್ಕಳಿದ್ದ ಶಾಲೆಯಲ್ಲಿ; ನಮ್ಮಂಥವರಿಗೆಂದೇ ಅಲ್ಲಿ ದಿಲ್ಲಿಯ ಪಠ್ಯಕ್ರಮವಿತ್ತು. ಪುಸ್ತಕಗಳೂ ದಿಲ್ಲಿಯಿಂದಲೇ ಬರುತ್ತಿದ್ದವು. ಗಂಗೆಯ ಉಪನದಿಗಳನ್ನು ಒಂದೇ ಉಸಿರಿಗೆ ಹೇಳುತ್ತಿದ್ದೆ, ನಮ್ಮ ವರದೆಯ ಹೆಸರೇ ಗೊತ್ತಿರಲಿಲ್ಲ. ಮನೆಯಲ್ಲಿ ಕನ್ನಡ ಆಡುತ್ತಿದ್ದೆ, ಬರೆಯಲು ಒಂದಕ್ಷರ ಬಾರದು. ಅಪ್ಪನ ಕೆಲಸ ಹೋಗಿ ಊರಿಗೆ ಬಂದಾಗ ನಾನು ಏಳನೇ ಇಯತ್ತೆ. ವರ್ಷದ ಕೊನೆಗೆ ಪಬ್ಲಿಕ್ ಪರೀಕ್ಷೆ.

"ಎಂಟ ದಿನಾ ನೋಡ್ತೇನಿ. ಕನ್ನಡ ಬರಲಿಲ್ಲಂದ್ರ ಎರಡನೇ ಇಯತ್ತೆಯೊಳಗ ಕುಂದ್ರಸ್ತೇನಿ," ಎಂದರು ಹೆಡ್‌ಮಾಸ್ತರರು. ಆ ಇಯತ್ತೆಯ ಮಕ್ಕಳು ನನ್ನ ಸೊಂಟದೆತ್ತರಕ್ಕಿದ್ದರು.

ಅಕ್ಕೋರು ಪ್ರಶ್ನೋತ್ತರ ಹೇಳಿ ಬರೆಸುವಾಗ ನಾನು ನೋಟುಬುಕ್ಕಿಗೆ ಕೈ ಅಡ್ಡ ಹಿಡಿದು ಹಿಂದಿಯ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೆ. ಮೂರನೆಯ ದಿನ ಅವರು ಬಗ್ಗಿ ನೋಡಿಯೇಬಿಟ್ಟರು. ಬೈಗುಳಕ್ಕೆ ಕಾದು ತಲೆ ತಗ್ಗಿಸಿದೆ. ಅವರು ಮಾತ್ರ ತುಟಿ ಆಡಿಸುತ್ತ ಒಂದು ಸಾಲು ಪೂರ್ತಿ ಓದಿದರು. ಮುಂಬೈ ಸರಕಾರದ ಕಾಲದಲ್ಲಿ ಮರಾಠಿ ಕಲಿತವರು; ಹಿಂದಿಯ ಲಿಪಿಯೇ ಮರಾಠಿಗೂ, ಅದನ್ನು ಅವರು ಬಾಳಬೋಧ ಎನ್ನುತ್ತಿದ್ದರು.

"ಅಯ್ಯ ನನ್ನವ್ವ! ಬಾಳಬೋಧದಾಗ ಕನ್ನಡ ಬರದೀಯಲ್ಲ! ಬಾಯಿ ನಮ್ದ ಐತಿ, ಕೈ ಅಷ್ಟ ದಿಲ್ಲೀದು."

ನನ್ನ ಪ್ರತಿ ಅಕ್ಷರದ ಕೆಳಗೆ ಕನ್ನಡದ ಅಕ್ಷರ ಬರೆದುಕೊಟ್ಟರು. ಆದರೂ ಎಂಟು ದಿನಕ್ಕೆ ಒತ್ತಕ್ಷರ ಬರಲಿಲ್ಲ. ಹೆಡ್‌ಮಾಸ್ತರರು ನನ್ನನ್ನು ಕರೆಸಿದಾಗ ಅಕ್ಕೋರೂ ಹಿಂದೆಯೇ ಬಂದರು.

"ಆಕಿ ಜವಾಬ್ದಾರಿ ನಂದರಿ, ಸರ."

"ಫೇಲಾದ್ರ?"

"ನನ್ನ ಎಲ್ಲಿಗ್ಯರ ವರ್ಗಾ ಮಾಡಸ್ರಿ."

"ಹಂಗಾರ ಬರದ ಕೊಡ್ರಿ."

ಮನೆಯಲ್ಲಿ ಅವರಿಗೆ ಹಾಸಿಗೆ ಹಿಡಿದ ತಾಯಿ ಇದ್ದರು. ಆ ಮುದುಕಿಯನ್ನು ಕಟ್ಟಿಕೊಂಡು ಪರವೂರಿಗೆ ಹೋಗುವುದು ಆಗದ ಮಾತು. ಆದರೂ ಬರೆದುಕೊಟ್ಟರು, ಪೆನ್ನು ಎರಡು ಸಲ ಕೈಜಾರಿ ಬಿತ್ತು.

ಅಂದಿನಿಂದ ನನಗೆ ಎರಡು ಹೆದರಿಕೆ. ಸಂಜೆ ಅವರ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಬರೆಯುತ್ತಿದ್ದೆ, ಅವರು ರೊಟ್ಟಿ ಬಡಿಯುತ್ತ ಹೇಳಿಕೊಡುತ್ತಿದ್ದರು.

"ಹೆದರಿಕಿ ಬರ್ತೈತ್ರಿ, ಅಕ್ಕೋರ."

"ನನಗೂ ಬರ್ತೈತಿ. ಬರ್ಲಿ ಬಿಡು. ನೀ 'ಕ್ಷ' ಬರಿ."

ಫಲಿತಾಂಶದ ದಿನ ಅವರು ಶಾಲೆಗೇ ಬರಲಿಲ್ಲ. ಓಡಿಹೋಗಿ ಬಾಗಿಲು ಬಡಿದೆ.

"ಕನ್ನಡ ಏನಾತು? ಮೊದ್ಲ ಹೇಳು, ಆಮ್ಯಾಲ ಬಾಗ್ಲಾ ತೆಗಿತೇನಿ."

"ಪಾಸರಿ!"

ಬಾಗಿಲು ಆಗಲೂ ತೆರೆಯಲಿಲ್ಲ. ಒಳಗೆ ಅವರು ತಾಯಿಗೆ ಹೇಳುತ್ತಿದ್ದುದು ಕೇಳಿಸಿತು: "ಅವ್ವಾ, ನಾವು ಎಲ್ಲೂ ಹೋಗಂಗಿಲ್ಲ." ನಾನು ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ.

ಏಳೆಂಟು ವರ್ಷದ ಮೇಲೆ, ನಾನು ಧಾರವಾಡದಲ್ಲಿ ಶಿಕ್ಷಕಿಯ ತರಬೇತಿಯಲ್ಲಿದ್ದಾಗ, ಅವರದೊಂದು ಕಾರ್ಡು ಬಂತು. "ಹಾನಗಲ್ಲ ದವಾಖಾನ್ಯಾಗ ಅದೇನಿ. ಹೆದರಿಕಿ ಆಗಾಕತ್ತೈತಿ. ಒಮ್ಮೆ ಬಂದು ಹೋಗು." ಸಾಲುಗಳು ಸೊಟ್ಟಗೆ ಇಳಿದಿದ್ದವು. ಅವರನ್ನು ಆ ಸ್ಥಿತಿಯಲ್ಲಿ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಪಾಠ ಹೇಳಿ ತೋರಿಸುವ ಪರೀಕ್ಷೆ ಇದೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಎರಡು ದಿನ ಬಿಟ್ಟು ಹೋದಾಗ ಅವರ ಮಂಚದ ಮೇಲೆ ಬೇರೆ ಯಾರೋ ಮಲಗಿದ್ದರು; ಅಕ್ಕೋರು ಹಿಂದಿನ ರಾತ್ರಿಯೇ ತೀರಿಕೊಂಡಿದ್ದರಂತೆ.

ಆ ಕಾರ್ಡನ್ನು ಮಾತ್ರ, ಅವರು ಕಲಿಸಿದಂತೆಯೇ, ಒಂದಕ್ಷರವೂ ತಡವರಿಸದೆ ಓದಿದ್ದೆ.