ಬೆಳಿಗ್ಗೆ ಮೂವರು, ಸಂಜೆ ಇಬ್ಬರು

೨೦೦೨ರ ಚಳಿಗಾಲದಲ್ಲಿ ನಾನು ರೇಗನ್ಸ್‌ಬರ್ಗ್‌ ಹೊರವಲಯದ ಒಂದು ಕಾರು ಬಿಡಿಭಾಗಗಳ ಕಾರ್ಖಾನೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೆ. ಜರ್ಮನಿ ಹೊರದೇಶದ ಐಟಿಯವರನ್ನು ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಳ್ಳುತ್ತಿದ್ದ ಕಾಲ ಅದು. ಹೆಸರು ಅಮೆರಿಕದ್ದಾದರೂ ಈ ಕಾರ್ಡು ಅಷ್ಟು ಗಟ್ಟಿಯಲ್ಲ. ನೌಕರಿ ಇರುವವರೆಗೆ ಅದಕ್ಕೆ ಜೀವ, ನೌಕರಿ ಹೋದರೆ ಗಂಟುಮೂಟೆ ಕಟ್ಟಬೇಕು. ನನ್ನ ಪಾಲಿಗೆ ಬಂದದ್ದು ಗೇಟು, ಬ್ಯಾರಿಯರ್ ಮತ್ತು ಪಾರ್ಕಿಂಗ್ ನೋಡಿಕೊಳ್ಳುವ ವಿಭಾಗ. ಯಾರು ಒಳಗೆ ಬಂದರು, ಯಾಕೆ ಬಂದರು ಎಂದು ಅನುಮಾನಿಸುವುದಕ್ಕೇ ನನಗೆ ಸಂಬಳ. ಧಾರವಾಡದಲ್ಲಿ ನಮ್ಮವ್ವ ಇದನ್ನು ಕೇಳಿ, "ಇಷ್ಟು ಓದಿ ವಾಚ್‌ಮನ್ ಆದ್ಯಾ?" ಎಂದಿದ್ದಳು.

ಕಾರ್ಖಾನೆಗೆ ಎರಡು ಪಾರ್ಕಿಂಗ್ ಇದ್ದವು, ಎರಡೂ ಬೇಲಿಯ ಹೊರಗೆ. ಒಂದಕ್ಕೆ ಮಾಡು ಇತ್ತು, ಗೇಟಿಗೆ ಅಂಟಿಕೊಂಡೇ ಇತ್ತು. ಇನ್ನೊಂದು ಗದ್ದೆಯ ಆಚೆ, ಬರೀ ಜಲ್ಲಿಕಲ್ಲು ಹಾಸಿದ ಬಯಲು. ಹಿಮ ಬಿದ್ದ ಬೆಳಿಗ್ಗೆ ಅಲ್ಲಿಂದ ಗೇಟಿಗೆ ನಡೆದು ಬರುವಷ್ಟರಲ್ಲಿ ಕಿವಿ ಇದೆಯೋ ಬಿದ್ದುಹೋಯಿತೋ ಎಂದು ಮುಟ್ಟಿ ನೋಡಿಕೊಳ್ಳಬೇಕಾಗುತ್ತಿತ್ತು. ಮಾಡಿನ ಪಾರ್ಕಿಂಗಿಗೆ ಹೋಗುವ ಲೇನ್ 'ಫಾರ್‌ಗೆಮೈನ್‌ಶಾಫ್ಟ್'ಗೆ, ಅಂದರೆ ಒಂದೇ ಕಾರಿನಲ್ಲಿ ಕೂಡಿ ಕೆಲಸಕ್ಕೆ ಬರುವವರಿಗೆ ಮಾತ್ರ ಮೀಸಲು. ಕಾರಿನಲ್ಲಿ ಮೂವರಿರಬೇಕು. ಕಾವಲುಗಾರ ಗಾಜಿನ ಗೂಡಿನಲ್ಲಿ ಕುಳಿತು ತಲೆ ಎಣಿಸಿ ಗುಂಡಿ ಒತ್ತಿದರೆ ಬ್ಯಾರಿಯರ್ ಏಳುತ್ತಿತ್ತು.

ಹೈಬ್ರಿಡ್ ಕಾರುಗಳಿಗೆ ಮಾತ್ರ ರಿಯಾಯಿತಿ. ಪೆಟ್ರೋಲ್ ಎಂಜಿನ್ನಿನ ಜೊತೆ ಬ್ಯಾಟರಿ ಮೋಟರೂ ಇರುವ ಈ ಕಾರುಗಳು ಆಗ ತೀರಾ ಹೊಸವು. ಬಿಚ್ಚಿ ನೋಡಿ ಕಲಿಯಲೆಂದು ಕಂಪನಿ ಕೆಲವನ್ನು ಕೊಂಡು ಹಿರಿಯ ಎಂಜಿನಿಯರುಗಳಿಗೆ ಓಡಿಸಲು ಕೊಟ್ಟಿತ್ತು. ಮೊದಮೊದಲು ಅವರು ಒಬ್ಬೊಬ್ಬರೇ ಈ ಲೇನಿನಲ್ಲಿ ಹೋಗಬಹುದಿತ್ತು. ಉಳಿದವರು ಗೊಣಗಿದ ಮೇಲೆ, ಹೈಬ್ರಿಡ್‌ನಲ್ಲೂ ಕನಿಷ್ಠ ಇಬ್ಬರಿರಬೇಕು ಎಂದಾಯಿತು.

ಆಮೇಲೂ ಮಾಡಿನ ಪಾರ್ಕಿಂಗ್ ಬೆಳಿಗ್ಗೆ ಬೇಗ ತುಂಬಿಹೋಗುತ್ತಿತ್ತು. ನಿಜವಾಗಿ ಮೂವರು ಬಂದವರು ಜಾಗವಿಲ್ಲದೆ ಬಯಲಿಗೆ ತಿರುಗಬೇಕಾಯಿತು. ಎಲ್ಲೋ ಕಳ್ಳಾಟ ನಡೆದಿದೆ ಎಂಬುದು ಸ್ಪಷ್ಟವಿತ್ತು. ನಾನು ಮೊದಲು ಅನುಮಾನಿಸಿದ್ದು ಕಾವಲುಗಾರನನ್ನು. ಅಷ್ಟರಲ್ಲಿ ಡಾಕ್ಟರ್ ಕೆಲ್ಲರ್ ದೂರು ಕೊಟ್ಟರು. ಇವರು ಔಷಧಿ ಕೊಡುವ ಡಾಕ್ಟರಲ್ಲ, ಪಿಎಚ್.ಡಿ. ಮಾಡಿದ ವಿಭಾಗ ಮುಖ್ಯಸ್ಥರು, ಹೈಬ್ರಿಡ್ ಓಡಿಸುವವರಲ್ಲಿ ಒಬ್ಬರು. ದೂರು ಭಾರತೀಯರ ಬೂದು ಕಾರಿನ ಮೇಲೆ: "ಬೆಳಿಗ್ಗೆ ಮೂವರು ಬರುತ್ತಾರೆ, ಸಂಜೆ ಇಬ್ಬರೇ ಹೋಗುತ್ತಾರೆ. ಮೂರನೆಯವನು ಎಲ್ಲಿ?"

ಬೂದು ಕಾರು ಗದಗಿನ ವಿರೂಪಾಕ್ಷನದು. ಸೆನ್ಸರ್ ವಿಭಾಗದಲ್ಲಿದ್ದ, ನನಗಿಂತ ಚಿಕ್ಕವನು. ಆ ತಿಂಗಳೇ ಅವನ ಕರಾರು ನವೀಕರಣ ಆಗಬೇಕಿತ್ತು. ಮನೆಯಲ್ಲಿ ಹಸುಗೂಸು, ಬಾಣಂತಿ ಹೆಂಡತಿ. ಇಂಥ ಹೊತ್ತಿನಲ್ಲಿ 'ಆಬ್‌ಮಾನುಂಗ್' ಎಂಬ ಲಿಖಿತ ಎಚ್ಚರಿಕೆ ಕಡತಕ್ಕೆ ಸೇರಿದರೆ ಕರಾರು ಇಲ್ಲ, ಕರಾರು ಇಲ್ಲದಿದ್ದರೆ ಕಾರ್ಡೂ ಇಲ್ಲ.

ನನ್ನ ಮೇಲಧಿಕಾರಿ ಫ್ರಾವ್ ಬ್ರಾಂಟ್, ಅಂದರೆ ಶ್ರೀಮತಿ ಬ್ರಾಂಟ್, ವಿಚಾರಣೆಯನ್ನು ನನಗೇ ಒಪ್ಪಿಸಿದರು. ಕನ್ನಡಕ ತೆಗೆದು ಒರೆಸುತ್ತಾ ಕೇಳಿದರು: "ಅವರು ನಿಮ್ಮ ಊರಿನ ಕಡೆಯವರು. ಕಂಡದ್ದನ್ನು ಕಂಡ ಹಾಗೆ ಹೇಳುತ್ತೀರಾ?"

ಹೇಳುತ್ತೇನೆ ಎಂದೆ. ಒಳಗೊಳಗೆ ಉರಿದುಹೋಯಿತು. ಈಗ ನನ್ನ ಮೇಲೂ ಒಂದು ಕಣ್ಣು ಇದೆ ಎಂದು ತಿಳಿಯಿತು.

ಕ್ಯಾಂಟೀನಿನಲ್ಲಿ ವಿರೂಪಾಕ್ಷನನ್ನು ಸುಮ್ಮನೆ ಕೆದಕಿದೆ. ಅವನು ತಟ್ಟೆ ನೋಡುತ್ತಾ, "ನಮ್ಮ ಮಾವಾರು ಬರ್ತಾರ್ರಿ. ಮನ್ಯಾಗ ಕುಂತು ಬ್ಯಾಸರ ಆಗತೈತಿ" ಎಂದ. ಅವನ ಕಾರಿನ ಮೂರನೆಯ ಸಹೋದ್ಯೋಗಿ ಸ್ಟುಟ್‌ಗಾರ್ಟ್‌ಗೆ ವರ್ಗವಾಗಿ ಹೋಗಿದ್ದ. ಆ ಸೀಟಿಗೆ ಮಾವ ಬಂದು ಕುಳಿತಿದ್ದರು. ಹುಡುಗ ಕಿಲಾಡಿ ಎಂದುಕೊಂಡೆ. ನನ್ನ ಕಸುಬೇ ಅಂಥದ್ದು.

ಮರುದಿನ ಬೆಳಿಗ್ಗೆ ಪಾರ್ಕಿಂಗ್ ಮೂಲೆಯಲ್ಲಿ ನಿಂತೆ. ಇನ್ನೂ ಕತ್ತಲು, ಕಾರುಗಳ ಗಾಜೆಲ್ಲ ಮಂಜುಮಂಜು. ಬೂದು ಕಾರು ಬಂತು. ವಿರೂಪಾಕ್ಷ ಮತ್ತು ಅವನ ಜೊತೆಗಾರ ಗೇಟಿನತ್ತ ಹೋದರು. ಮಂಕಿ ಟೋಪಿ, ಮಫ್ಲರ್, ಅಳಿಯನ ಜಾಕೆಟ್ಟು ತೊಟ್ಟಿದ್ದ ವಯಸ್ಸಾದ ಯಜಮಾನರು, ಅವನ ಮಾವ, ಇಳಿದು ರಸ್ತೆಯತ್ತ ನಡೆದರು. ತಿರುವಿನ ಹತ್ತಿರ ಒಂದು ಕಾರು ನಿಂತಿತು, ಬಾಗಿಲು ತೆರೆಯಿತು. ಇವರು ಕೈಮುಗಿದು ಹತ್ತಿದರು. ಆ ಕಾರು ನೇರ ನಮ್ಮ ಲೇನಿಗೆ ಬಂತು, ಕಾವಲುಗಾರ ತಲೆ ಎಣಿಸಿದ, ಬ್ಯಾರಿಯರ್ ಎದ್ದಿತು. ಡಾಕ್ಟರ್ ಕೆಲ್ಲರ್ ಅವರ ಹೈಬ್ರಿಡ್ ಅದು.

ಯಜಮಾನರು ಮತ್ತೆ ಇಳಿದರು, ಮತ್ತೆ ರಸ್ತೆಯತ್ತ ನಡೆದರು. ತಿರುವಿನಲ್ಲಿ ಮತ್ತೊಂದು ಕಾರು ನಿಂತಿತು. ಅದರಲ್ಲಿ ಇಬ್ಬರಿದ್ದರು.

ಇದೊಂದು ದಂಧೆಯೇ ಎಂದುಕೊಂಡೆ. ಮೂರನೆಯ ಬಾರಿ ಅವರು ಇಳಿದಾಗ ಅಡ್ಡಗಟ್ಟಿ ಕನ್ನಡದಲ್ಲೇ ಕೇಳಿದೆ: "ಕಾಕಾರ, ಏನು ನಡಿಸೀರಿ ಇಲ್ಲಿ?"

ಕನ್ನಡ ಕಿವಿಗೆ ಬಿದ್ದದ್ದೇ ಅವರ ಮುಖ ಅರಳಿತು. ಹೆಸರು ಗುರುಸಿದ್ದಪ್ಪ, ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತರಾದವರು. ಮಗಳ ಬಾಣಂತನಕ್ಕೆಂದು ಹೆಂಡತಿ ಬಂದಿದ್ದಾರೆ, ಅವರ ಜೊತೆ ಇವರೂ ಬಂದಿದ್ದಾರೆ. "ಮನಿ ಅಂದ್ರ ಎರಡ ಖೋಲಿ ರೀ. ಬಾಣಂತೀಗೆ, ಕೂಸಿಗೆ ಎಣ್ಣಿ ಹಚ್ಚಿ ಎರಿಯೂ ಹೊತ್ತಿನ್ಯಾಗ ಗಂಡಸರು ಮನ್ಯಾಗ ಇರಬಾರದು ಅಂತಾಳ ನಮ್ಮಾಕಿ. ಅದಕ್ಕ ಅಳ್ಯಾನ ಗಾಡ್ಯಾಗ ಇಲ್ಲೀತನಕ ಬಂದು, ಹೊಳಿ ದಂಡಿ ಹಿಡದು ನಡಕೋತ ಮನೀಗೆ ಹೊಕ್ಕೇನಿ."

"ಮತ್ತ ಆ ಕಾರು?"

"ಭಾಳ ಪ್ರೀತಿ ಮಂದಿರೀ ಇವರು. ನಡಕೋತ ಹೊಂಟವನನ್ನ ನೋಡಿ ಗಾಡಿ ನಿಂದ್ರಸ್ತಾರ, ಬಾಗಿಲಾ ತಗೀತಾರ. ಬಂದ ದಾರೀಗೇ ತಿರುಗಿ ಒಯ್ತಾರ, ಅದು ಖರೆ. ಆದ್ರ ಕರದಾಗ ಒಲ್ಲೆ ಅನ್ನಾಕ ಹ್ಯಾಂಗ ಬರತದ? ನಾ ಜೀವಮಾನ ಎಲ್ಲಾ ಮಂದೀನ ಕುಂಡರಿಸಿ ನಿಂತಕೊಂಡ ಬಂದಾಂವ. ಇಲ್ಲಿ ನನ್ನ ಕರದು ಕುಂಡರಸ್ತಾರ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೂ ಹಾಳು ಅನುಮಾನ ಬಿಡಲಿಲ್ಲ. ಕತೆ ಕಟ್ಟುತ್ತಿದ್ದರೆ? ಕಣ್ಣಾರೆ ನೋಡಲಿ ಎಂದು ಮರುದಿನ ಫ್ರಾವ್ ಬ್ರಾಂಟ್ ಅವರನ್ನೇ ಕರೆದುಕೊಂಡು ಬಂದೆ.

ಹೈಬ್ರಿಡ್ ಸದ್ದಿಲ್ಲದೆ ಬಂದು ನಿಂತಿತು. ನಮ್ಮನ್ನು ಕಂಡು ಡಾಕ್ಟರ್ ಕೆಲ್ಲರ್ ಅವರ ಮುಖ ಬಿಳಿಚಿತು. ಗುರುಸಿದ್ದಪ್ಪನವರು ಮಾತ್ರ ಹಿಗ್ಗಿನಿಂದ ಇಳಿದು, ಜಾಕೆಟ್ಟಿನ ಕಿಸೆಯಿಂದ ಕಾಗದದಲ್ಲಿ ಸುತ್ತಿದ ಅಂಟಿನುಂಡಿ ತೆಗೆದು ಡಾಕ್ಟರರ ಕೈಯಲ್ಲಿಟ್ಟರು. ಬಾಣಂತಿಗೆಂದು ಮಾಡಿದ್ದರಲ್ಲಿ ಒಂದು. ನನ್ನ ಕಡೆ ತಿರುಗಿ, "ದಿನಾ ಗಾಡ್ಯಾಗ ಕುಂಡರಿಸ್ಕೋತಾರ. ಬರೇ ಕೈಲೆ ಹ್ಯಾಂಗ ಹತ್ತೂದು? ಅವರಿಗೆ ಹೇಳ್ರಿ" ಎಂದರು.

"ಏನಂದರು?" ಎಂದರು ಫ್ರಾವ್ ಬ್ರಾಂಟ್.

ಇದ್ದದ್ದು ಇದ್ದ ಹಾಗೆ ಹೇಳಿದರೆ ಡಾಕ್ಟರರ ಜೊತೆ ವಿರೂಪಾಕ್ಷನೂ ಸಿಕ್ಕಿಬೀಳುತ್ತಾನೆ. ಅವನ ಮೂರನೆಯ ತಲೆಯೂ ಇವರದೇ. ಮುಚ್ಚಿಟ್ಟರೆ ಊರಿನವನ ಪರ ನಿಂತ ಎಂಬ ಮಾತು ಜನ್ಮಕ್ಕಂಟುತ್ತದೆ. ಬಾಣಂತಿಗೆ ನೀರೆರೆಯುವುದರಿಂದ ಹಿಡಿದು ಉಂಡಿಯವರೆಗೆ ಎಲ್ಲವನ್ನೂ ಹೇಳಿದೆ.

ಫ್ರಾವ್ ಬ್ರಾಂಟ್ ಉಂಡಿಯಿಂದ ಕಣ್ಣೆತ್ತಿ ಡಾಕ್ಟರರನ್ನು ನೋಡಿದರು. "ಎಚ್ಚರಿಕೆ ಕೊಟ್ಟರೆ ಇಬ್ಬರಿಗೂ ಕೊಡಬೇಕಾಗುತ್ತದೆ, ಡಾಕ್ಟರ್ ಕೆಲ್ಲರ್," ಎಂದರು. "ನಿಮ್ಮ ದೂರನ್ನು ಮುಂದುವರಿಸಲೇ?"

ಬೇಡ ಎಂದು ಡಾಕ್ಟರ್ ತಲೆಯಾಡಿಸಿದರು. ಉಂಡಿ ಇನ್ನೂ ಅವರ ಕೈಯಲ್ಲೇ ಇತ್ತು.

ಮರುದಿನದಿಂದ ಆ ಲೇನಿನಲ್ಲಿ ಪ್ರತಿಯೊಬ್ಬರೂ ನೌಕರರ ಗುರುತುಪತ್ರ ತೋರಿಸಬೇಕಾಯಿತು. ಹೈಬ್ರಿಡ್ಡೂ ಬಯಲಿಗೆ ಹೋಯಿತು, ಬೂದು ಕಾರೂ ಬಯಲಿಗೆ ಹೋಯಿತು. ವಿರೂಪಾಕ್ಷನ ಕರಾರು ನವೀಕರಣವಾಯಿತು. ಮಾವನನ್ನು ಅವನು ಬೇಕೆಂದೇ ಕೂರಿಸಿಕೊಂಡು ಬರುತ್ತಿದ್ದನೇ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ನನ್ನ ಮಟ್ಟಿಗೆ ಪ್ರಕರಣ ಮುಗಿದಿತ್ತು. ಎರಡು ಮೂರು ದಿನಗಳ ಮೇಲೆ ಕೆಲಸಕ್ಕೆ ಬರುವಾಗ ಅದೇ ತಿರುವಿನಲ್ಲಿ ಗುರುಸಿದ್ದಪ್ಪನವರು ನಿಂತಿದ್ದರು. ಕಾರುಗಳು ಸಾಲಾಗಿ ಹೋಗುತ್ತಿದ್ದವು. ಹೈಬ್ರಿಡ್ ಕೂಡ ಹೋಯಿತು. ಇವರು ಕೈಯೆತ್ತಿ ನಮಸ್ಕರಿಸಿದರು, ಡಾಕ್ಟರ್ ನೇರ ಮುಂದೆ ನೋಡುತ್ತಾ ಸಾಗಿದರು. ನಾನು ಕಾರು ನಿಲ್ಲಿಸಿದೆ.

"ತಮ್ಮಾ," ಎಂದರು ಕಿಟಕಿಗೆ ಬಾಗಿ, "ಯಾರೂ ನಿಂದ್ರಸವಲ್ಲರು. ಉಂಡಿ ಕೊಟ್ಟದ್ದ ತಪ್ಪಾತೇನು?"

ಆಮೇಲೆ ಎಷ್ಟೋ ವರ್ಷ ಇದೇ ಕೆಲಸ ಮಾಡಿದೆ, ದೊಡ್ಡ ದೊಡ್ಡ ಕಳ್ಳಾಟ ಹಿಡಿದೆ. ತಲೆ ಎಣಿಸುವಾಗ ಮುಖ ನೋಡಬೇಕೆಂಬ ಬುದ್ಧಿಯನ್ನು ನನಗೆ ಕಲಿಸಿದ್ದು ಈ ಪ್ರಕರಣ. ಡಾಕ್ಟರ್ ವಿರೂಪಾಕ್ಷನನ್ನು ಅನುಮಾನಿಸಿದರು, ಫ್ರಾವ್ ಬ್ರಾಂಟ್ ನನ್ನನ್ನು, ನಾನು ಎಲ್ಲರನ್ನೂ. ಗುರುಸಿದ್ದಪ್ಪನವರು ಮಾತ್ರ ತಮ್ಮನ್ನೇ ಅನುಮಾನಿಸಿಕೊಂಡು ಚಳಿಯಲ್ಲಿ ನಿಂತಿದ್ದರು.

"ತಪ್ಪೇನೂ ಇಲ್ರಿ ಕಾಕಾ. ಅವರ ಪಾರ್ಕಿಂಗ್ ಬದಲಾಗೇತಿ," ಎಂದು ಬಾಗಿಲು ತೆರೆದೆ. "ಬರ್ರಿ, ಕೂಡ್ರಿ. ಎಲ್ಲಿಗೆ ಬಿಡಲಿ?"

ಅವರು ಹತ್ತಿ ಕುಳಿತು ಮಫ್ಲರ್ ಸರಿಮಾಡಿಕೊಂಡರು. "ನೀವು ಎಲ್ಲಿಗೆ ಹೊಂಟೀರಿ, ಅಲ್ಲೀತನಕ."