ಕಾಫಿ ಸ್ಟೋರಿನಲ್ಲಿ ಒಂದು ಗಂಟೆ ಇದ್ದ ಉಪಗ್ರಹ

ಪಾಳ್ಯದ ಪಂಕಜಾಕ್ಷಿಯವರು ಸರ್ಕಾರಿ ಉಪಗ್ರಹ ಕೇಂದ್ರವೊಂದರಲ್ಲಿ ಇಪ್ಪತ್ತೆಂಟು ವರ್ಷ ತಂತಿ ಜೋಡಿಸಿ ನಿವೃತ್ತರಾದವರು. ಅನುಮಾನ ಅವರ ಹುಟ್ಟುಗುಣ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ಬಸ್ಸಿಳಿದು ವಾಪಸ್ ಬಂದದ್ದನ್ನು ನಾನೇ ಕಂಡಿದ್ದೇನೆ. ಕೇಂದ್ರದಲ್ಲಿ ಈ ಗುಣಕ್ಕೆ ಮರ್ಯಾದೆಯಿತ್ತು. ಅನುಮಾನ ಬಂದರೆ ಕೆಲಸ ನಿಲ್ಲಿಸುವ ಕೆಂಪು ಚೀಟಿ ಕಟ್ಟಿದರಾಯಿತು. ಉಡಾವಣೆ ತಿಂಗಳು ಮುಂದೆ ಹೋದರೂ ಯಾರೂ ಗದರುತ್ತಿರಲಿಲ್ಲ.

ಆಮೇಲೆ ಅವರು ಸೇರಿದ್ದು ಬೆಳಗೋಡಿನ ಪ್ರಜ್ವಲನ ಖಾಸಗಿ ಕಂಪನಿಗೆ. ಅಪ್ಪ ಕಾಫಿ ಬೀಜ ದಾಸ್ತಾನಿಡುವ ಸ್ಟೋರಿನ ಪಕ್ಕದಲ್ಲೇ ಶೆಡ್ ಕಟ್ಟಿ ಪುಟ್ಟ ಉಪಗ್ರಹ ಮಾಡುವ ಹುಡುಗ. ಇದು ಅವನ ಮೊದಲನೆಯದು. ಬೇರೆ ಕಂಪನಿಯ ರಾಕೆಟ್ಟಿನಲ್ಲಿ ಬಾಡಿಗೆ ಜಾಗ. ಹೊತ್ತಿಗೆ ತಲುಪದಿದ್ದರೆ ಬಿಟ್ಟು ಹಾರುತ್ತದೆ. ಹಾಗಾದರೆ ಕಂಪನಿಯ ಬಾಗಿಲು ಮುಚ್ಚಿದಂತೆಯೇ.

ಉಪಗ್ರಹ ಒಯ್ಯಲು ಬಂದ ವ್ಯಾನಿನ ಡ್ರೈವರ್ ಜಯಕುಮಾರ್ ಆಗಲೇ ಹಾರನ್ ಹೊಡೆಯುತ್ತಿದ್ದ. ಹಿಂದಿನ ದಿನ ಕರೆಂಟ್ ಹೋಗಿ ತೇವ ಹೀರುವ ಯಂತ್ರ ನಿಂತಾಗ ಪಂಕಜಾಕ್ಷಿಯವರು ಉಪಗ್ರಹವನ್ನು ಬಟ್ಟೆ ಮುಚ್ಚಿ ಒಂದು ಗಂಟೆ ಕಾಫಿ ಸ್ಟೋರಿನಲ್ಲಿಟ್ಟಿದ್ದರು. ಮಳೆಗಾಲದಲ್ಲಿ ಒಣ ಜಾಗವೆಂದರೆ ನಮ್ಮ ಕಡೆಯವರಿಗೆ ಇನ್ನೇನು ಹೊಳೆದೀತು! ಈಗ ಆ ಬಟ್ಟೆಯ ಒಳಮಗ್ಗುಲಲ್ಲಿ ಕಾಫಿ ಹೊಟ್ಟು ಕಂಡಿತ್ತು. ಒಂದು ಚೂರು ತಂತಿಯ ಪ್ಲಗ್ಗಿನೊಳಗೆ ಕೂತರೂ ಉಪಗ್ರಹ ಮೇಲೆ ಹೋಗಿ ಮೂಕವಾಗುತ್ತದೆ.

ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೇಳಿಬಿಟ್ಟರು.

"ಏನ್ ಕೆಲಸ ಮಾಡ್ಬುಟ್ರಿ ಪಂಕಜಮ್ಮ!" ಪ್ರಜ್ವಲ್ ಕೂಗಿದ. "ವ್ಯಾನ್ ಹೊರಡೋಕೆ ಇನ್ನು ನಲವತ್ತು ನಿಮಿಷ ಐತೆ, ಬಿಚ್ಚಿ."

ಬಿಚ್ಚಿದರು. ಒಂಬತ್ತನೇ ಪ್ಲಗ್ಗಿನಲ್ಲಿ ಉಗುರಿನ ಚೂರಿನಷ್ಟು ಹೊಟ್ಟು ಸಿಕ್ಕಿತು. ಚಿಮಟದಲ್ಲಿ ತೆಗೆದು ಬಿಳಿ ಕಾಗದದ ಮೇಲಿಟ್ಟರು. ಪ್ರಜ್ವಲ್ ಉಸಿರು ಬಿಟ್ಟ.

"ಸಿಕ್ತಲ್ಲ. ಮುಚ್ಚಿ, ಕಳಿಸೋಣ."

"ಇನ್ನೂ ಇಪ್ಪತ್ತಮೂರು ಪ್ಲಗ್ ಐತೆ ಕಣಪ್ಪ."

"ಅಷ್ಟು ನೋಡೋಕೆ ಸಂಜೆ ಆಗ್ತದೆ!"

"ಆಗ್ತದೆ. ಆದ್ರೆ ನೋಡ್ದೆ ನಾನು ಕಳಿಸೋ ಕಾಗದಕ್ಕೆ ಸಹಿ ಹಾಕಲ್ಲ."

ಪ್ರಜ್ವಲ್ ಗಡಿಯಾರ ನೋಡಿದ, ಕಾಗದದ ಮೇಲಿನ ಹೊಟ್ಟು ನೋಡಿದ. ಹೊರಗೆ ಹೋಗಿ ಜಯಕುಮಾರನಿಗೆ, "ನೀನು ಹೊರಡು ಮಾರಾಯ" ಎಂದ.

ಖಾಲಿ ವ್ಯಾನು ಗೇಟು ದಾಟಿದ ಸದ್ದು ಕೇಳಿಸಿತು. ಪಂಕಜಾಕ್ಷಿಯವರು ತಲೆ ಎತ್ತದೆ ಹತ್ತನೇ ಪ್ಲಗ್ ಬಿಚ್ಚಿದರು. ಚೊಕ್ಕಟವಾಗಿತ್ತು. ಹನ್ನೊಂದನೆಯದೂ ಚೊಕ್ಕಟ. ಬದುಕಿನಲ್ಲಿ ಮೊದಲ ಸಲ ಅವರು, ಇನ್ನೊಂದಾದರೂ ಹೊಟ್ಟು ಸಿಗಲಪ್ಪಾ ಎಂದು ದೇವರನ್ನು ಬೇಡಿಕೊಂಡರು.