ಮೂರು ದಾರಿಯ ನಿಂಬೆಹಣ್ಣು

ಆಗ ಕೊಡಿಗೇಹಳ್ಳಿಯ ನಮ್ಮ ಬೀದಿಗೆ ಇನ್ನೂ ಕಾಂಕ್ರೀಟ್ ಬಿದ್ದಿರಲಿಲ್ಲ. ಸಹಕಾರನಗರದವರು ನಮ್ಮನ್ನು ಹಳ್ಳಿಯವರು ಅನ್ನುತ್ತಿದ್ದರು, ನಾವು ಅವರನ್ನು ಲೇಔಟಿನವರು ಅನ್ನುತ್ತಿದ್ದೆವು. ಅವರೆಕಾಯಿ ಕಾಲ ಬಂತೆಂದರೆ ಮಾತ್ರ ಎರಡು ಕಡೆಯ ಅಡುಗೆಮನೆಗೂ ಒಂದೇ ವಾಸನೆ. ನನಗೆ ಹತ್ತು ವರ್ಷ. ಈಗಲೂ ಅವರೆಕಾಯಿಯ ಸೊಗಡು ಮೂಗಿಗೆ ಬಡಿದರೆ ನನಗೆ ಫುಟ್‌ಬಾಲ್ ನೆನಪಾಗುತ್ತದೆ.

ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮನೆಯ ಮೇಲೆ ಒಂದು ರೂಮು, ಸಣ್ಣ ಅಡುಗೆಮನೆ ಎಬ್ಬಿಸಿ ಬಾಡಿಗೆಗೆ ಬಿಟ್ಟಿದ್ದ. ಅಲ್ಲಿಗೆ ಬಂದವಳು ಜಾಂಬಿಯಾ ದೇಶದ ಮುತಾಲೆ. ಯಲಹಂಕದ ಆಚೆ ಒಂದು ಕಾಲೇಜಿನಲ್ಲಿ ಫಾರ್ಮಸಿ ಓದುತ್ತಿದ್ದಳು. ಎರಡೇ ದಿನಕ್ಕೆ ಅಜ್ಜಿಯ ಬಾಯಲ್ಲಿ ಅವಳು ಮುತ್ತು ಆದಳು, ನನ್ನ ಬಾಯಲ್ಲಿ ಮುತ್ತಕ್ಕ. ಅವಳು ಮೆಕ್ಕೆಜೋಳದ ಹಿಟ್ಟು ತೊಳಸಿ ಬೆಳ್ಳಗಿನ ಉಂಡೆ ಮಾಡಿ ಕೈಯಲ್ಲೇ ಮುರಿದು ತಿನ್ನುವುದನ್ನು ಅಜ್ಜಿ ಬಾಗಿಲಲ್ಲಿ ನಿಂತು ನೋಡಿದಳು.

“ಇದು ಬಿಳಿ ಮುದ್ದೆ ಕಣೇ, ಬ್ಯಾರೆ ಏನಲ್ಲ. ಮುದ್ದೆ ತಿನ್ನೋರು ನಮ್ಮೋರೇ ಬಿಡು” ಅಂದು, ಒಂದು ಬಟ್ಟಲು ಹಿದುಕಿದ ಬೇಳೆ ಸಾರು ಕೊಟ್ಟು ಕಳಿಸಿದಳು. ಆಮೇಲೆ ಸಂಜೆ ಹೊತ್ತು ಮುತ್ತಕ್ಕನೂ ನಮ್ಮ ಜಗುಲಿಯಲ್ಲಿ ಕೂತು ನೆನೆದ ಅವರೆಕಾಳಿನ ಸಿಪ್ಪೆ ಬಿಡಿಸಿ ಬೇಳೆ ಹಿದುಕತೊಡಗಿದಳು. ಅವಳ ಇಂಗ್ಲಿಷನ್ನು ಅಜ್ಜಿಗೆ, ಅಜ್ಜಿಯ ಕನ್ನಡವನ್ನು ಅವಳಿಗೆ ತಲುಪಿಸುವ ಕೆಲಸ ನನ್ನದು. ಅದರಲ್ಲಿ ನನಗೆ ಬಹಳ ಜಂಬವಿತ್ತು.

ಆ ತಿಂಗಳು ಆಫ್ರಿಕಾದ ದೇಶಗಳ ಫುಟ್‌ಬಾಲ್ ಕಪ್ ನಡೆಯುತ್ತಿತ್ತು. ಪಂದ್ಯವಿದ್ದ ದಿನ ರಾಜಾನುಕುಂಟೆ, ಹೆಣ್ಣೂರು ಕಡೆಯಿಂದ ಅವಳ ದೇಶದ ಏಳೆಂಟು ಜನ ಹಸಿರು ಅಂಗಿ ತೊಟ್ಟು ಬರುತ್ತಿದ್ದರು. ಮೆಟ್ಟಿಲ ತುಂಬ ಚಪ್ಪಲಿ. ಒಂದೇ ಲ್ಯಾಪ್‌ಟಾಪು, ಅದರ ಚಿತ್ರ ಮಾತುಮಾತಿಗೆ ನಿಂತುಬಿಡುತ್ತಿತ್ತು. ಅದು ಮತ್ತೆ ಅಲುಗಾಡುವ ಮೊದಲೇ ಊರಿಂದ ಯಾರಿಗಾದರೂ ಫೋನ್ ಬರುತ್ತಿತ್ತು. ಗೋಲು ಅವರಿಗೆ ಮೊದಲು ಕಿವಿಗೆ ಬೀಳುತ್ತಿತ್ತು, ಆಮೇಲೆ ಕಣ್ಣಿಗೆ. ಕೆಳಗೆ ಊಟಕ್ಕೆ ಕೂತ ನಮ್ಮ ತಲೆಯ ಮೇಲೆ ಕಾಲುಗಳು ಧಡಧಡ ಕುಣಿಯುತ್ತಿದ್ದವು. ಎದುರುಮನೆ ಜಯಮ್ಮ ಬೆಳಿಗ್ಗೆ ಎದ್ದು ಅಪ್ಪನ ಹತ್ತಿರ ದೂರು ಹೇಳುತ್ತಿದ್ದಳು.

ಒಂದು ಸಂಜೆ ಮುತ್ತಕ್ಕ ಒಂದು ಸಂಗತಿ ಹೇಳಿದಳು. ಅವಳು ಕೈಗೂಸಾಗಿದ್ದಾಗ ಅವರ ದೇಶದ ತಂಡವನ್ನು ಹೊತ್ತಿದ್ದ ವಿಮಾನ ಸಮುದ್ರಕ್ಕೆ ಬಿತ್ತಂತೆ. ಒಬ್ಬ ಆಟಗಾರನೂ ಉಳಿಯಲಿಲ್ಲವಂತೆ. ಈ ಸಲದ ಫೈನಲ್ ನಡೆಯುವುದು ಆ ಸಮುದ್ರದ ದಡದ ಊರಿನಲ್ಲೇ. ಅಲ್ಲಿಯವರೆಗೆ ಮುಟ್ಟಿದರೆ ಸಾಕು, ಅಂದಳು.

ನಾನು ಕನ್ನಡಕ್ಕೆ ತಂದೆ. ಅಜ್ಜಿ ಕೈಯಲ್ಲಿದ್ದ ಬೇಳೆ ಬಟ್ಟಲಿಗೆ ಹಾಕಿ, “ಸತ್ತೋರಿಗೆ ಎಡೆ ಇಕ್ಕವ್ರಾ ಕೇಳು” ಅಂದಳು.

ಕೇಳಿದೆ. “ಕಪ್ ಗೆದ್ದರೆ ಅದೇ ಎಡೆ” ಅಂದಳು ಮುತ್ತಕ್ಕ.

“ಅಂಗಾದ್ರೆ ದೃಷ್ಟಿ ತೆಗೀಬೇಕು. ದೊಡ್ಡ ಕೆಲ್ಸಕ್ಕೆ ಒಂಟೋರ ಮ್ಯಾಲೆ ಕಣ್ಣು ಬೀಳ್ತದೆ.”

ಸೆಮಿಫೈನಲ್ ದಿನ ಅಜ್ಜಿ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ, ಮುತ್ತಕ್ಕನಿಗೂ ಲ್ಯಾಪ್‌ಟಾಪಿಗೂ ನಿಂಬೆಹಣ್ಣು ನಿವಾಳಿಸಿದಳು. ಅದನ್ನು ಹೋಳು ಮಾಡಿ ಕುಂಕುಮ ಮೆತ್ತಿ, ತಾನೇ ಹೋಗಿ ಮೂರು ದಾರಿ ಕೂಡುವಲ್ಲಿ ಹಾಕಿ ಬಂದಳು. ಗೆಲ್ಲುತ್ತದೆಂದು ಎಲ್ಲರೂ ಅಂದುಕೊಂಡಿದ್ದ ತಂಡವನ್ನು ಇವರು ಒಂದೇ ಗೋಲಿನಿಂದ ಸೋಲಿಸಿದರು. ಅಜ್ಜಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಮಾರನೆಯ ದಿನ ಅವಳು ಮಗುವೊಂದರ ನಾಮಕರಣಕ್ಕೆಂದು ರಾಜಾನುಕುಂಟೆಯ ನನ್ನ ಅತ್ತೆ ಮನೆಗೆ ಹೊರಟಳು. “ಭಾನ್ವಾರದ ಆಟಕ್ಕೆ ನೀನೇ ತೆಗಿ. ಮೂರು ದಾರೀಲಿ ಆಕ್ಬಿಟ್ಟು ತಿರುಗಿ ನೋಡ್ದೆ ಬಾ” ಎಂದು ನನಗೆ ಒಪ್ಪಿಸಿದಳು.

ಭಾನುವಾರ ಬೆಳಿಗ್ಗೆ ನಿವಾಳಿಸಿ, ಹೋಳು ಮಾಡಿ, ಕುಂಕುಮ ಮೆತ್ತಿ ತಟ್ಟೆಯಲ್ಲಿ ಇಡುವವರೆಗೆ ಎಲ್ಲ ಸರಿಯಾಗಿ ಮಾಡಿದೆ. ಮೂರು ದಾರಿಗೆ ಹೋಗಲು ಮಾತ್ರ ಧೈರ್ಯ ಬರಲಿಲ್ಲ. ಹಿಂದಿನ ವಾರ ಅಲ್ಲಿ ಯಾರೋ ಒಡೆದಿದ್ದ ಬೂದುಗುಂಬಳಕಾಯಿ ತುಳಿದು ಅಮ್ಮನ ಕೈಲಿ ಏಟು ತಿಂದಿದ್ದೆ. ತನ್ನ ದೃಷ್ಟಿಯನ್ನು ತಾನೇ ಒಯ್ದು ಹಾಕುವ ಪದ್ಧತಿ ಇಲ್ಲವೆಂದು ನನಗೆ ಗೊತ್ತಿತ್ತು. ಆದರೂ ತಟ್ಟೆಯನ್ನು ಮುತ್ತಕ್ಕನ ಕೈಗೇ ಕೊಟ್ಟೆ. ಹಾಕಿ ಬನ್ನಿ, ತಿರುಗಿ ಮಾತ್ರ ನೋಡಬಾರದು ಅಂದೆ.

ಹಸಿರು ಅಂಗಿ ತೊಟ್ಟಿದ್ದ ಅವಳು ಎರಡೂ ಕೈಯಲ್ಲಿ ತಟ್ಟೆ ಹಿಡಿದು, ಪ್ರಸಾದ ಒಯ್ಯುವವರ ಹಾಗೆ ನಡೆದಳು. ಮೂರು ದಾರಿ ಕೂಡುವುದು ಜಯಮ್ಮನ ಗೇಟಿನ ಪಕ್ಕದಲ್ಲೇ. ಜಯಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದಳು.

ಹತ್ತು ಗಂಟೆಗೆ ನಮ್ಮ ಗೇಟಿನ ಮುಂದೆ ಐದಾರು ಜನ.

“ನಾನೇ ಕಣ್ಣಾರೆ ನೋಡ್ದೆ ಕಣಪ್ಪ” ಅಂದಳು ಜಯಮ್ಮ. “ನಮ್ಮನೆ ಮುಂದೆ ಮಾಟ ಮಾಡ್ಬಿಟ್ಟು ಇಂದಕ್ಕೆ ತಿರುಗೂ ನೋಡ್ದೆ ಒಂಟೋದ್ಲು. ಮೊಮ್ಮಗಳಿಗೆ ಮೂರು ದಿನದಿಂದ ಜ್ವರ. ಇನ್ನೂ ಇಲ್ಲೇ ಮಡಿಕ್ಕಂತೀಯಾ ಅವ್ಳನ್ನ?”

ಅಮಾವಾಸ್ಯೆ ಅಮಾವಾಸ್ಯೆಗೂ ಅದೇ ಜಾಗದಲ್ಲಿ ನಿಂಬೆಹಣ್ಣು ಹಾಕುತ್ತಿದ್ದವಳು ಇದೇ ಜಯಮ್ಮ. ಆದರೆ ಅದು ದೃಷ್ಟಿ, ಇದು ಮಾಟ.

ಅಪ್ಪ ಮುತ್ತಕ್ಕನನ್ನು ಕರೆದ. ಅವಳು ಇಳಿದು ಬಂದು ಕೊನೆಯ ಮೆಟ್ಟಿಲ ಮೇಲೆ ನಿಂತಳು. ನಾನು ಅವಳ ಮುಂದೆ, ಅಪ್ಪನ ಎದುರು.

“ನೀನೇನಾದ್ರೂ ನಿಂಬೆಹಣ್ಣು ಕೊಟ್ಯೇನೇ?”

ನನ್ನ ಬೆರಳಿಗೆ ಇನ್ನೂ ಕುಂಕುಮ ಅಂಟಿತ್ತು. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. “ಇಲ್ಲಪ್ಪ. ನಂಗೊತ್ತಿಲ್ಲ.”

ಅಪ್ಪನಿಗೆ ಕಾಣದಂತೆ ಮುಚ್ಚಿಟ್ಟ ಕೈ, ನನ್ನ ಹಿಂದೆ ನಿಂತ ಮುತ್ತಕ್ಕನ ಕಣ್ಣಿಗೆ ನೇರ ಬೀಳುತ್ತದೆಂದು ನನಗೆ ಹೊಳೆದದ್ದು ತಡವಾಗಿ. ತಿರುಗಿ ನೋಡಿದೆ. ಅವಳು ನನ್ನ ಬೆರಳುಗಳನ್ನೇ ನೋಡುತ್ತಿದ್ದಳು. ನಾನು ಗೊತ್ತಿಲ್ಲ ಅಂದದ್ದು ಅವಳಿಗೆ ಅರ್ಥವಾಗಿತ್ತು. ಅಷ್ಟು ಕನ್ನಡವನ್ನು ನಾನೇ ಕಲಿಸಿದ್ದೆ.

“ಸಾರಿ, ಅಂಕಲ್” ಅಂದಳು.

“ಸಂಜೆಯೊಳಗೆ ಬೇರೆ ಕಡೆ ನೋಡ್ಕೊಮ್ಮಾ” ಅಂದ ಅಪ್ಪ, ದನಿ ಏರಿಸದೆ.

ಅವಳ ತಂಡ ಗೆದ್ದ ಸುದ್ದಿ ಆಮೇಲೆ ಪೇಪರಿನ ಒಂದು ಮೂಲೆಯಲ್ಲಿ ಬಂತು. ಅಜ್ಜಿ ಸೋಮವಾರವೇ ಅವರೆಕಾಯಿ ಚೀಲದೊಂದಿಗೆ ಬಂದು ಮೆಟ್ಟಿಲ ಬುಡದಿಂದ, “ಮುತ್ತೂ, ಗೆದ್ರೇನೇ?” ಎಂದು ಕೂಗಿದಳು. ಮೇಲೆ ಬೀಗ. ಜಯಮ್ಮನ ಮೊಮ್ಮಗಳ ಜ್ವರ ಅಷ್ಟರಲ್ಲಿ ಬಿಟ್ಟಿತ್ತು, ಬೀದಿಗೆ ಅದೇ ಸಾಕ್ಷಿಯಾಯಿತು. ನಾನು ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ನಡೆದದ್ದೆಲ್ಲ ಹೇಳಿದೆ. ಅವಳು ಬೈಯಲಿಲ್ಲ. ಎದ್ದು ಹೋಗಿ, “ಆ ನಿಂಬೆಹಣ್ಣು ನಂದು ಕಣೋ” ಎಂದು ಅಪ್ಪನಿಗೆ ಹೇಳಿದಳು. ಅಪ್ಪ ಎರಡು ದಿನ ಫೋನ್ ಮಾಡಿದ, ಒಮ್ಮೆ ಕಾಲೇಜಿನ ಗೇಟಿನವರೆಗೂ ಹೋಗಿ ಬಂದ. ಅವಳು ಸಿಗಲಿಲ್ಲ. ಆ ವರ್ಷ ಅಜ್ಜಿ ಮತ್ತೆ ಬೇಳೆ ಹಿದುಕಲಿಲ್ಲ.

ಈಗ ಅಜ್ಜಿ ಇಲ್ಲ, ಜಗುಲಿಯೂ ಇಲ್ಲ. ಅಲ್ಲಿ ಸ್ಕೂಟರ್ ನಿಲ್ಲುತ್ತದೆ. ಮೇಲೆ ಕಲಬುರಗಿ ಕಡೆಯ ದಂಪತಿ ಇದ್ದಾರೆ, ಸದ್ದೇ ಮಾಡದ ಜನ. ಆ ಕಪ್ ನಡೆದಾಗಲೆಲ್ಲ ನಾನು ಮೊಬೈಲಿನಲ್ಲಿ ನೋಡುತ್ತೇನೆ. ಚಿತ್ರ ನಿಲ್ಲುವುದಿಲ್ಲ, ಗೋಲಿಗೆ ಮೊದಲು ಯಾರ ಫೋನೂ ಬರುವುದಿಲ್ಲ. ಆದರೂ ಗೋಲಾದಾಗ ನನ್ನ ಕಣ್ಣು ತಾರಸಿಯ ಕಡೆ ಹೋಗುತ್ತದೆ, ಕಾಲುಗಳು ಕುಣಿಯಬಹುದೆಂದು. ಗೊತ್ತಿಲ್ಲ ಅನ್ನುವ ಮಾತು ನನ್ನ ಬಾಯಿಗೆ ಇವತ್ತಿಗೂ ಸಲೀಸಾಗಿ ಬರುವುದಿಲ್ಲ.

ಆ ಭಾನುವಾರ ಮಧ್ಯಾಹ್ನ ಆಟೋದಲ್ಲಿ ಎರಡು ಬ್ಯಾಗು, ಲ್ಯಾಪ್‌ಟಾಪು, ಹಿಟ್ಟಿನ ಡಬ್ಬಿ ಇಟ್ಟುಕೊಂಡು ಅವಳು ಹೊರಟಳು. ನಾನು ಗೇಟು ಹಿಡಿದು ನಿಂತಿದ್ದೆ. ಅವಳು ಒಮ್ಮೆ ನನ್ನ ಕಡೆ ನೋಡಿದರೆ ಕುಂಕುಮದ ಕೈ ತೋರಿಸಿ ಎಲ್ಲರ ಮುಂದೆ ಹೇಳಿಬಿಡುತ್ತೇನೆ ಅಂದುಕೊಂಡೆ. ಆಟೋ ಆ ನಿಂಬೆಹಣ್ಣಿನ ಪಕ್ಕದಲ್ಲೇ ಹಾದು ಮೂರು ದಾರಿ ದಾಟಿತು. ಮುತ್ತಕ್ಕ ತಿರುಗಿ ನೋಡಲಿಲ್ಲ. ಹಾಗೆ ನೋಡಬಾರದೆಂದು ಹೇಳಿಕೊಟ್ಟವಳು ನಾನೇ.